ಸಣ್ಣ ಉದ್ದಿಮೆಯ ತುರ್ತು ಯೋಜನೆ: ಕೆಲಸ ನಿಲ್ಲುವ ಮುನ್ನ ಮತ್ತು ನಿಂತ ಮೇಲೆ

ತುರ್ತು ಯೋಜನೆ ಬರೆಯಲು ಕುಳಿತವರಲ್ಲಿ ಹೆಚ್ಚಿನವರು ಆಪತ್ತುಗಳ ಪಟ್ಟಿಯಿಂದ ಆರಂಭಿಸುತ್ತಾರೆ. ಬೆಂಕಿ, ಪ್ರವಾಹ, ಭೂಕಂಪ, ಕಳ್ಳತನ, ಸಾಂಕ್ರಾಮಿಕ ರೋಗ, ಸೈಬರ್ ದಾಳಿ ಎಂದು ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಸಿದ್ಧತೆ ಬೇಕೆಂಬ ಭಾವನೆ ಹುಟ್ಟುತ್ತದೆ. ಎರಡನೆಯ ಪುಟ ತಲುಪುವ ಮೊದಲೇ ಕೆಲಸ ಕೈಬಿಟ್ಟುಹೋಗುತ್ತದೆ. ನಾಲ್ಕೈದು ಜನರಿಂದ ನಡೆಯುವ ಉದ್ದಿಮೆಗೆ ಈ ದಾರಿ ಹೊಂದುವುದಿಲ್ಲ. ಆಪತ್ತು ಯಾವುದೇ ಇರಲಿ, ಅದು ನಿಮ್ಮಿಂದ ಕಸಿದುಕೊಳ್ಳುವುದು ಕೆಲವೇ ಸಂಗತಿಗಳನ್ನು: ಕೆಲಸ ಮಾಡುವ ಜಾಗ, ಕೆಲಸ ಮಾಡುವ ಜನ, ವಿದ್ಯುತ್ತು ಮತ್ತು ದೂರಸಂಪರ್ಕ, ದಾಖಲೆಗಳು, ಸರಕು, ಕೈಯಲ್ಲಿರುವ ಹಣ. ಈ ಆರರಲ್ಲಿ ಒಂದೊಂದು ಇಲ್ಲವಾದಾಗ ಏನು ಮಾಡುವಿರಿ ಎಂದು ಬರೆದಿಟ್ಟರೆ, ನೀವು ಊಹಿಸಿಯೇ ಇರದ ಆಪತ್ತಿಗೂ ಯೋಜನೆ ತಕ್ಕಮಟ್ಟಿಗೆ ಸಿದ್ಧವಾಗಿರುತ್ತದೆ.

ಊಹಿಸದ ಆಪತ್ತು ಎಂಬುದು ಬರೀ ಮಾತಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಹೊರಡಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಸ್ತಬ್ಧವಾದವು. ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕುಗಳ ಕೆಲಸ ನಿಂತಿತು. ಅಲ್ಲಿ ಬೆಂಕಿ ಇರಲಿಲ್ಲ, ನೀರು ನುಗ್ಗಿರಲಿಲ್ಲ, ದಾಳಿಯೂ ಆಗಿರಲಿಲ್ಲ. ಆಪತ್ತುಗಳ ಪಟ್ಟಿಯಲ್ಲಿ ಇದನ್ನು ಮೊದಲೇ ಬರೆದಿಟ್ಟವರು ತೀರ ವಿರಳ. ಆದರೆ ‘ಕಂಪ್ಯೂಟರ್ ಇಲ್ಲದ ದಿನ ಬಿಲ್ ಹೇಗೆ ಬರೆಯುವುದು’ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡವರಿಗೆ ಕಾರಣ ಯಾವುದಾದರೂ ಒಂದೇ ಆಗಿತ್ತು.

ಮೊದಲ ಹಂತ: ಯಾವ ಕೆಲಸ ಎಷ್ಟು ಹೊತ್ತು ನಿಲ್ಲಬಹುದು

ಒಂದು ಹಾಳೆಯಲ್ಲಿ ನಿಮ್ಮ ಉದ್ದಿಮೆಯ ಕೆಲಸಗಳನ್ನೆಲ್ಲ ಬರೆಯಿರಿ: ಬೇಡಿಕೆ ಸ್ವೀಕರಿಸುವುದು, ತಯಾರಿಸುವುದು, ತಲುಪಿಸುವುದು, ಬಿಲ್ ಮಾಡುವುದು, ಹಣ ವಸೂಲಿ, ಸಂಬಳ, ತೆರಿಗೆ ಸಲ್ಲಿಕೆ ಇತ್ಯಾದಿ. ಪ್ರತಿಯೊಂದರ ಎದುರು ಎರಡು ಉತ್ತರಗಳನ್ನು ಬರೆಯಬೇಕು. ಈ ಕೆಲಸ ಎಷ್ಟು ಹೊತ್ತಿನೊಳಗೆ ಮತ್ತೆ ಆರಂಭವಾಗದಿದ್ದರೆ ಸರಿಪಡಿಸಲಾಗದ ನಷ್ಟವಾಗುತ್ತದೆ? ಎಷ್ಟು ಹೊತ್ತಿನ ದಾಖಲೆ ಕಳೆದುಹೋದರೆ ನೆನಪಿನಿಂದಲೋ ರಸೀದಿಗಳಿಂದಲೋ ಮತ್ತೆ ಕಟ್ಟಿಕೊಳ್ಳಬಹುದು? ವ್ಯವಹಾರ ನಿರಂತರತೆಗಾಗಿ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಓ 22301 (ಮೊದಲು 2012ರಲ್ಲಿ ಪ್ರಕಟವಾಗಿ 2019ರಲ್ಲಿ ಪರಿಷ್ಕೃತವಾದದ್ದು) ಕೂಡ, ಕೆಲಸ ನಿಂತರೆ ಆಗುವ ಪರಿಣಾಮವನ್ನು ಅಳೆಯುವುದಕ್ಕೆ ಮುಖ್ಯ ಸ್ಥಾನ ಕೊಡುತ್ತದೆ. ಸಣ್ಣ ಉದ್ದಿಮೆಗೆ ಆ ಪ್ರಮಾಣಪತ್ರದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಈ ಎರಡು ಪ್ರಶ್ನೆಗಳನ್ನಂತೂ ಬಿಡುವಂತಿಲ್ಲ.

ಉತ್ತರಿಸುವಾಗ ‘ಎಲ್ಲವೂ ತಕ್ಷಣ ಬೇಕು’ ಎಂದು ಬರೆಯುವ ಆಸೆಯನ್ನು ತಡೆಯಬೇಕು. ಎಲ್ಲವೂ ಮೊದಲು ಎಂದರೆ ಯಾವುದೂ ಮೊದಲಲ್ಲ ಎಂದೇ ಅರ್ಥ. ಗ್ರಾಹಕರ ಕರೆಗೆ ಉತ್ತರಿಸುವುದು ಎರಡು ಗಂಟೆಯೊಳಗೆ, ಬಿಲ್ ಮಾಡುವುದು ಒಂದು ದಿನದೊಳಗೆ, ಸಂಬಳ ತಿಂಗಳ ಕೊನೆಯೊಳಗೆ, ಹೊಸ ಜಾಹೀರಾತು ಯಾವಾಗಲಾದರೂ ಎಂಬಂತೆ ಏಣಿಯ ಮೆಟ್ಟಿಲುಗಳು ಸ್ಪಷ್ಟವಾಗಿರಬೇಕು. ಋತುಮಾನದ ವ್ಯಾಪಾರವಾದರೆ ಹೆಚ್ಚು ಗಿರಾಕಿ ಇರುವ ತಿಂಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ. ಮಂದ ತಿಂಗಳಲ್ಲಿ ಒಂದು ವಾರ ತಡೆಯಬಲ್ಲ ಕೆಲಸ ಆಗ ಒಂದು ದಿನವೂ ತಡೆಯಲಾರದು.

ಎರಡನೆಯ ಹಂತ: ಮಾಲೀಕರ ತಲೆಯಲ್ಲಿರುವುದನ್ನು ಕಾಗದಕ್ಕಿಳಿಸುವುದು

ಸಣ್ಣ ಉದ್ದಿಮೆಯ ಅತಿ ದುರ್ಬಲ ಜಾಗ ಕಟ್ಟಡವೂ ಅಲ್ಲ, ಯಂತ್ರವೂ ಅಲ್ಲ. ಎಲ್ಲವನ್ನೂ ಒಬ್ಬರೇ ಬಲ್ಲವರಾಗಿರುವುದು ಎಂಬುದು ನನ್ನ ಅಭಿಪ್ರಾಯ. ಬ್ಯಾಂಕ್ ಖಾತೆಯ ಸಹಿ, ಪಾಸ್‌ವರ್ಡ್‌ಗಳು, ಪೂರೈಕೆದಾರರೊಂದಿಗಿನ ಬಾಯಿಮಾತಿನ ಒಪ್ಪಂದ, ಯಾರಿಂದ ಎಷ್ಟು ಬಾಕಿ ಬರಬೇಕು ಎಂಬ ಲೆಕ್ಕ, ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಎಂಬ ತಿಳಿವಳಿಕೆ, ಇವೆಲ್ಲ ಮಾಲೀಕರೊಬ್ಬರ ನೆನಪಿನಲ್ಲಿದ್ದರೆ, ಅವರು ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿದರೂ ಅದು ಉದ್ದಿಮೆಯ ಪಾಲಿಗೆ ಆಪತ್ತೇ. ಆದ್ದರಿಂದ ಯೋಜನೆಯನ್ನು ನಿಮಗಾಗಿ ಬರೆದುಕೊಳ್ಳಬೇಡಿ. ನೀವು ಸಿಗದ ದಿನ ಅದನ್ನು ಕೈಗೆತ್ತಿಕೊಳ್ಳುವವರಿಗಾಗಿ ಬರೆಯಿರಿ.

ಪ್ರತಿಯೊಂದು ಮುಖ್ಯ ಕೆಲಸಕ್ಕೂ ಎರಡನೆಯ ವ್ಯಕ್ತಿಯೊಬ್ಬರನ್ನು ಗೊತ್ತುಮಾಡಿ, ಅವರಿಂದ ಆ ಕೆಲಸವನ್ನು ನಿಜವಾಗಿ ಒಮ್ಮೆ ಮಾಡಿಸಿ. ಬ್ಯಾಂಕಿನಲ್ಲಿ ಎರಡನೆಯ ಸಹಿದಾರರನ್ನು ಸೇರಿಸುವುದಕ್ಕಾಗಲಿ ಅಧಿಕಾರ ಪತ್ರ ಮಾಡಿಸುವುದಕ್ಕಾಗಲಿ ಕೆಲವು ದಿನಗಳೇ ಬೇಕಾಗುತ್ತವೆ; ಆಪತ್ತು ಬಂದ ಮೇಲೆ ಅದಕ್ಕೆ ಓಡಾಡುವ ಸ್ಥಿತಿ ಇರುವುದಿಲ್ಲ. ಪಾಸ್‌ವರ್ಡ್‌ಗಳಿಗೆ ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೆಡೆ ಭದ್ರವಾಗಿಡುವ ತಂತ್ರಾಂಶ) ಬಳಸಿ, ಅದರ ತುರ್ತು ಪ್ರವೇಶವನ್ನು ನಂಬಿಕೆಯ ಒಬ್ಬರಿಗೆ ಕೊಡಿ. ಇಲ್ಲಿ ಹಲವರು ಮರೆಯುವ ಸಂಗತಿಯೊಂದಿದೆ: ಓಟಿಪಿಗಳೆಲ್ಲ ಒಂದೇ ಫೋನಿಗೆ ಬರುವಂತಿದ್ದು, ಆ ಫೋನೇ ಸುಟ್ಟೋ ಕಳೆದೋ ಹೋದರೆ ಸರಿಯಾದ ಪಾಸ್‌ವರ್ಡ್ ಇದ್ದೂ ಒಳಗೆ ಹೋಗಲಾಗುವುದಿಲ್ಲ. ಎರಡು ಹಂತದ ದೃಢೀಕರಣ ಹೊಂದಿಸುವಾಗ ಹಲವು ಸೇವೆಗಳು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ, ಕಚೇರಿಯಲ್ಲಲ್ಲದೆ ಬೇರೆ ಕಡೆ ಭದ್ರವಾಗಿಡಿ.

ಮೂರನೆಯ ಹಂತ: ಜನರ ಸುರಕ್ಷತೆ

ಸರಕಿಗೆ ವಿಮೆಯುಂಟು, ದಾಖಲೆಗೆ ನಕಲುಂಟು. ಯೋಜನೆಯ ಮೊದಲ ಪುಟದಲ್ಲಿ ಇರಬೇಕಾದದ್ದು ಎಲ್ಲರೂ ಹೊರಬರುವ ದಾರಿ. ಎರಡು ನಿರ್ಗಮನ ಮಾರ್ಗಗಳು, ಕಟ್ಟಡದಿಂದ ದೂರದಲ್ಲಿ ಎಲ್ಲರೂ ಸೇರುವ ಒಂದು ನಿಶ್ಚಿತ ಜಾಗ, ಅಲ್ಲಿ ಹೆಸರು ಕರೆದು ಎಣಿಸುವ ಹೊಣೆ ಹೊತ್ತವರು, ಅವರು ರಜೆಯಲ್ಲಿದ್ದಾಗ ಆ ಹೊಣೆ ಹೊರುವವರು. ಎಣಿಕೆಗೆ ಅಂದಿನ ಹಾಜರಿ ಪಟ್ಟಿ ಬೇಕು. ಗ್ರಾಹಕರು, ಸರಕು ಇಳಿಸಲು ಬಂದ ಚಾಲಕರು ಒಳಗಿರಬಹುದು ಎಂಬುದೂ ನೆನಪಿರಬೇಕು. ನಡೆಯಲು ಕಷ್ಟವಿರುವವರು, ಕಿವಿ ಕೇಳದವರು ಸಿಬ್ಬಂದಿಯಲ್ಲಿದ್ದರೆ ಅವರೊಂದಿಗೆ ಕುಳಿತು ಅವರಿಗೆ ಏನು ಬೇಕೆಂದು ಕೇಳಿ ಬರೆಯಿರಿ, ನೀವೇ ಊಹಿಸಬೇಡಿ. ಹಿಂದಿನ ಬಾಗಿಲಿಗೆ ಅಡ್ಡವಾಗಿ ಪೆಟ್ಟಿಗೆಗಳನ್ನು ಪೇರಿಸುವ ಅಭ್ಯಾಸ ಎಲ್ಲ ಕಡೆಯೂ ಇದೆ; ಅದು ಇರುವ ತನಕ ಗೋಡೆಯ ಮೇಲಿನ ನಿರ್ಗಮನ ನಕ್ಷೆಗೆ ಬೆಲೆಯಿಲ್ಲ.

ಬೆಂಕಿ ನಂದಿಸುವ ಸಿಲಿಂಡರ್ ಇದ್ದರಷ್ಟೇ ಸಾಲದು. ಕೈಯಲ್ಲಿ ಹಿಡಿಯುವ ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಆದ್ದರಿಂದ ಬೆಂಕಿ ಕಸದ ಬುಟ್ಟಿಯಷ್ಟು ಚಿಕ್ಕದಿದ್ದು, ಹೊರಬರುವ ದಾರಿ ನಿಮ್ಮ ಬೆನ್ನ ಹಿಂದಿದ್ದರೆ ಮಾತ್ರ ಪ್ರಯತ್ನಿಸಬೇಕು. ಉಳಿದಂತೆ ಹೊರಬಂದು ಅಗ್ನಿಶಾಮಕ ದಳವನ್ನು ಕರೆಯಬೇಕು. ವಿದ್ಯುತ್ತಿನ ಬೆಂಕಿಗೂ ಎಣ್ಣೆಯ ಬೆಂಕಿಗೂ ನೀರು ಹಾಕುವುದು ಅಪಾಯ ಎಂಬುದನ್ನು ಹೊಸ ಸಿಬ್ಬಂದಿಗೆ ಮೊದಲ ವಾರದಲ್ಲೇ ಹೇಳಬೇಕು. ಕರೆಂಟು ಹೋದಾಗ ಜನರೇಟರ್ ಹಚ್ಚುವವರು ಅದನ್ನು ಕಟ್ಟಡದೊಳಗಾಗಲಿ, ಬಾಗಿಲು ತೆರೆದ ಶೆಡ್ಡಿನಲ್ಲಾಗಲಿ, ಕಿಟಕಿಯ ಪಕ್ಕದಲ್ಲಾಗಲಿ ಇಡಬಾರದು. ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರಿಗೆ ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಕಟ್ಟಡದಿಂದ ಕನಿಷ್ಠ 6 ಮೀಟರ್ ದೂರದಲ್ಲಿಡಬೇಕು ಎಂಬುದು ಸುರಕ್ಷತಾ ತಜ್ಞರ ಸಾಮಾನ್ಯ ಸಲಹೆ.

ನಾಲ್ಕನೆಯ ಹಂತ: ದಾಖಲೆಗಳ ನಕಲು

ಬ್ಯಾಕಪ್ ವಿಷಯದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಸೂತ್ರ 3-2-1: ದಾಖಲೆಯ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಜಾಗದಲ್ಲಿ. ಸೂತ್ರ ಸುಲಭ. ಆದರೆ ದೊಡ್ಡ ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿದ ಬಗೆಯನ್ನು ನೋಡಿದರೆ ಅದರ ಒಂದೊಂದು ಅಂಕಿಯೂ ಏಕೆ ಇದೆ ಎಂಬುದು ತಿಳಿಯುತ್ತದೆ.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ (ಇಂಟರ್ನೆಟ್ ಮೂಲಕ ದಾಖಲೆಗಳನ್ನು ಇಟ್ಟುಕೊಡುವ ಸೇವೆ) ಕಂಪನಿಯ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು, ಪಕ್ಕದ್ದಕ್ಕೂ ಹಾನಿಯಾಯಿತು. ಮೂಲ ದಾಖಲೆ ಮತ್ತು ಬ್ಯಾಕಪ್ ಎರಡೂ ಅದೇ ಆವರಣದಲ್ಲಿದ್ದ ಕೆಲವು ಗ್ರಾಹಕರು ಎರಡನ್ನೂ ಕಳೆದುಕೊಂಡರು. ‘ಕ್ಲೌಡ್‌ನಲ್ಲಿದೆ’ ಎಂದ ಮಾತ್ರಕ್ಕೆ ದಾಖಲೆ ಬೇರೆ ಜಾಗದಲ್ಲಿದೆ ಎಂದಾಗುವುದಿಲ್ಲ. ಯಾವ ನಗರದ ಯಾವ ಕೇಂದ್ರದಲ್ಲಿದೆ, ನಕಲು ಬೇರೆ ಕೇಂದ್ರದಲ್ಲಿದೆಯೇ ಎಂದು ಸೇವೆ ಕೊಡುವವರನ್ನು ಕೇಳಿ ಬರಹದಲ್ಲಿ ಉತ್ತರ ಪಡೆಯಬೇಕು.

ಇನ್ನೊಂದು ಪ್ರಸಂಗ 2017ರ ಜನವರಿ 31ರದ್ದು. ತಂತ್ರಾಂಶ ಸೇವೆಯ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಬ್ಯಾಕಪ್‌ಗೆ ಹಲವು ವ್ಯವಸ್ಥೆಗಳಿದ್ದವು. ಹುಡುಕಿ ನೋಡಿದಾಗ ನಿತ್ಯದ ಬ್ಯಾಕಪ್ ವಿಫಲವಾಗುತ್ತಲೇ ಬಂದಿತ್ತು, ವೈಫಲ್ಯವನ್ನು ತಿಳಿಸಬೇಕಿದ್ದ ಇಮೇಲ್‌ಗಳು ಯಾರಿಗೂ ತಲುಪುತ್ತಿರಲಿಲ್ಲ. ಅಳಿಸುವುದಕ್ಕೆ ಸುಮಾರು ಆರು ಗಂಟೆ ಮೊದಲು ಬೇರೆ ಕಾರಣಕ್ಕಾಗಿ ಕೈಯಾರೆ ತೆಗೆದಿಟ್ಟಿದ್ದ ಪ್ರತಿಯೊಂದೇ ಅವರನ್ನು ಕಾಪಾಡಿತು. ಬ್ಯಾಕಪ್ ಆಗುತ್ತಿದೆ ಎಂಬ ನಂಬಿಕೆಗೂ ಬ್ಯಾಕಪ್‌ನಿಂದ ದಾಖಲೆ ಮರಳಿ ಪಡೆಯುವುದಕ್ಕೂ ಇರುವ ಅಂತರ ಇದು. ಆದ್ದರಿಂದ ಮೂರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್‌ನಿಂದ ಬೇರೊಂದು ಕಂಪ್ಯೂಟರಿಗೆ ಲೆಕ್ಕಪತ್ರಗಳನ್ನು ಇಳಿಸಿ, ತೆರೆದು, ಕೊನೆಯ ಬಿಲ್ಲಿನ ಸಂಖ್ಯೆ ಸರಿಯಿದೆಯೇ ಎಂದು ನೋಡಿ. ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಗುರುತಿಸಿಕೊಂಡು, ಮೊದಲ ಹಂತದಲ್ಲಿ ಬರೆದ ಅವಧಿಯೊಂದಿಗೆ ಹೋಲಿಸಿ.

ಮೂರನೆಯದು ರಾನ್ಸಮ್‌ವೇರ್ (ದಾಖಲೆಗಳನ್ನು ತೆರೆಯಲಾಗದಂತೆ ಮಾಡಿ ಹಣ ಕೇಳುವ ತಂತ್ರಾಂಶ) ಕಾಲಕ್ಕೆ ಸಂಬಂಧಿಸಿದ್ದು. 2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ದುರುದ್ದೇಶದ ತಂತ್ರಾಂಶ ಹಡಗು ಸಾಗಣೆಯ ಮೇರ್ಸ್ಕ್ ಕಂಪನಿಯ ಜಾಲವನ್ನು ಹೊಕ್ಕಿತು. ಜಾಲದ ಹೃದಯದಂತಿದ್ದ ಡೊಮೈನ್ ಕಂಟ್ರೋಲರ್‌ಗಳು (ಜಾಲದೊಳಗೆ ಯಾರಿಗೆ ಪ್ರವೇಶ ಎಂದು ನಿರ್ಧರಿಸುವ ಸರ್ವರ್‌ಗಳು) ಒಂದಕ್ಕೊಂದು ನಕಲುಗಳಾಗಿದ್ದವು. ಎಲ್ಲವೂ ಒಂದೇ ಜಾಲಕ್ಕೆ ಸೇರಿದ್ದರಿಂದ ಎಲ್ಲವೂ ಒಟ್ಟಿಗೆ ಅಳಿಸಿಹೋದವು. ಘಾನಾ ದೇಶದ ಕಚೇರಿಯಲ್ಲಿದ್ದ ಒಂದು ಮಾತ್ರ ಉಳಿಯಿತು, ಏಕೆಂದರೆ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಅಷ್ಟು ದೊಡ್ಡ ಕಂಪನಿಯನ್ನು ಕಾಪಾಡಿದ ಅದೃಷ್ಟವನ್ನು ನೀವು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಿಂದ ವ್ಯವಸ್ಥೆಯಾಗಿ ಮಾಡಿಕೊಳ್ಳಬಹುದು: ವಾರಕ್ಕೊಮ್ಮೆ ಪ್ರತಿ ತೆಗೆದು, ಕೇಬಲ್ ಬಿಚ್ಚಿ, ಬೇರೆ ಕಟ್ಟಡದಲ್ಲಿಡಿ. ಎರಡು ಡಿಸ್ಕ್‌ಗಳನ್ನು ಸರದಿಯಲ್ಲಿ ಬಳಸಿದರೆ ಇನ್ನೂ ಒಳ್ಳೆಯದು. ಕಂಪ್ಯೂಟರಿನೊಂದಿಗೆ ತಾನಾಗಿಯೇ ಹೊಂದಿಕೊಳ್ಳುವ ಕ್ಲೌಡ್ ಫೋಲ್ಡರ್ ಬ್ಯಾಕಪ್ ಅಲ್ಲ. ಇಲ್ಲಿ ಕೆಟ್ಟ ಕಡತ ಅಲ್ಲಿಯೂ ಕೆಡುತ್ತದೆ, ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಇದ್ದು ಅದನ್ನು ಹೊಂದಿಸಿಟ್ಟಿದ್ದರೆ ಮಾತ್ರ ಅದರಿಂದ ಸಹಾಯವಾದೀತು.

ಐದನೆಯ ಹಂತ: ಹಣ ಮತ್ತು ವಿಮೆ

ಆಪತ್ತಿನ ನಂತರ ಉದ್ದಿಮೆಗಳನ್ನು ಮುಳುಗಿಸುವುದು ಹಲವು ಬಾರಿ ಹಾನಿಯಲ್ಲ, ಹಾನಿಗೂ ಪರಿಹಾರಕ್ಕೂ ನಡುವಿನ ಖಾಲಿ ದಿನಗಳು. ಆದಾಯ ನಿಂತಿರುತ್ತದೆ, ಬಾಡಿಗೆ, ಸಂಬಳ, ಸಾಲದ ಕಂತು ನಿಲ್ಲುವುದಿಲ್ಲ. ಎಷ್ಟು ತಿಂಗಳ ಸ್ಥಿರ ಖರ್ಚು ಕೈಯಲ್ಲಿರಬೇಕು ಎಂಬುದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ಆದರೆ ನಿಮ್ಮ ಸ್ಥಿರ ಖರ್ಚು ತಿಂಗಳಿಗೆ ಎಷ್ಟು ಎಂಬುದು ಕಾಗದದ ಮೇಲೆ ಇರಲೇಬೇಕು. ಬ್ಯಾಂಕಿನಿಂದ ಓವರ್‌ಡ್ರಾಫ್ಟ್ ಅಥವಾ ಸಾಲದ ಮಿತಿಯನ್ನು ವ್ಯಾಪಾರ ಚೆನ್ನಾಗಿರುವಾಗಲೇ ಮಂಜೂರು ಮಾಡಿಸಿಕೊಳ್ಳುವುದು ಜಾಣತನ. ಗೋಡೆ ಕಪ್ಪಾದ ಮೇಲೆ ಹೋದರೆ ಅದೇ ಬ್ಯಾಂಕಿನ ಮುಖ ಬೇರೆಯೇ ಇರುತ್ತದೆ.

ವಿಮೆಯ ಪಾಲಿಸಿಯನ್ನು ಕೊಂಡ ದಿನ ಬಿಟ್ಟರೆ ಮತ್ತೆ ಓದುವವರು ಕಡಿಮೆ. ಓದುವಾಗ ನಾಲ್ಕು ವಿಷಯಗಳನ್ನು ಹುಡುಕಿ. ಮೊದಲನೆಯದು, ಯಾವುದು ಸೇರಿಲ್ಲ ಎಂಬುದು: ಪ್ರವಾಹ ಮತ್ತು ಭೂಕಂಪಗಳನ್ನು ಎಷ್ಟೋ ಪಾಲಿಸಿಗಳಲ್ಲಿ ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ. ಎರಡನೆಯದು, ವಿಮಾ ಮೊತ್ತ. ದಾಸ್ತಾನಿನ ನಿಜವಾದ ಮೌಲ್ಯಕ್ಕಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿ ಪ್ರೀಮಿಯಂ ಉಳಿಸಿದವರಿಗೆ ‘ಸರಾಸರಿ’ ಷರತ್ತು ಎದುರಾಗುತ್ತದೆ: ನೂರು ಪಾಲು ಮೌಲ್ಯದ ಸರಕಿಗೆ ಅರವತ್ತು ಪಾಲಿಗಷ್ಟೇ ವಿಮೆಯಿದ್ದು, ನಲವತ್ತು ಪಾಲು ಸುಟ್ಟರೆ ಸಿಗುವುದು ನಲವತ್ತಲ್ಲ, ಅದರ ಶೇಕಡಾ 60, ಅಂದರೆ ಇಪ್ಪತ್ತನಾಲ್ಕು. ಬೆಲೆಗಳು ಏರಿದಂತೆ ವರ್ಷಕ್ಕೊಮ್ಮೆ ಮೊತ್ತವನ್ನು ಪರಿಷ್ಕರಿಸದಿದ್ದರೆ ಕೊರತೆ ತಾನಾಗಿಯೇ ಹುಟ್ಟುತ್ತದೆ. ಮೂರನೆಯದು, ವ್ಯಾಪಾರ ನಿಂತ ಅವಧಿಯ ಆದಾಯ ನಷ್ಟಕ್ಕೆ ರಕ್ಷಣೆ ಇದೆಯೇ, ಇದ್ದರೆ ಎಷ್ಟು ತಿಂಗಳಿಗೆ, ಎಷ್ಟು ದಿನ ಕಾದ ಮೇಲೆ ಆರಂಭ ಎಂಬುದು. ಈ ರಕ್ಷಣೆ ಸಾಮಾನ್ಯವಾಗಿ ನಿಮ್ಮ ಆಸ್ತಿಗೆ ಭೌತಿಕ ಹಾನಿಯಾದಾಗ ಮಾತ್ರ ಅನ್ವಯಿಸುತ್ತದೆ; ರಸ್ತೆ ಮುಚ್ಚಿದ್ದರಿಂದ ಗಿರಾಕಿ ಬಾರದಿದ್ದರೆ ಅದು ಒಳಗೊಳ್ಳದಿರಬಹುದು. ನಾಲ್ಕನೆಯದು, ಎಷ್ಟು ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು ಎಂಬ ಷರತ್ತು.

ಕ್ಲೇಮ್ ಮಾಡುವಾಗ, ಹಾಳಾದ ವಸ್ತು ನಿಮ್ಮಲ್ಲಿ ಇತ್ತು ಎಂಬುದನ್ನು ತೋರಿಸುವ ಹೊರೆ ನಿಮ್ಮದು. ವರ್ಷಕ್ಕೆ ಎರಡು ಬಾರಿ ಫೋನ್ ಹಿಡಿದು ಪ್ರತಿ ಕೋಣೆ, ಪ್ರತಿ ಕಪಾಟು, ಯಂತ್ರಗಳ ಸೀರಿಯಲ್ ಸಂಖ್ಯೆ ಕಾಣುವಂತೆ ವಿಡಿಯೋ ಮಾಡಿ, ಖರೀದಿ ಬಿಲ್ಲುಗಳ ಸ್ಕ್ಯಾನ್ ಪ್ರತಿಗಳೊಂದಿಗೆ ಹೊರಗಿನ ಬ್ಯಾಕಪ್‌ನಲ್ಲಿ ಸೇರಿಸಿ.

ಆರನೆಯ ಹಂತ: ಪೂರೈಕೆದಾರರು ಮತ್ತು ಬದಲಿ ಜಾಗ

2000ದ ಮಾರ್ಚ್ 17ರಂದು ಅಮೆರಿಕದ ಆಲ್ಬಕರ್ಕಿಯಲ್ಲಿದ್ದ ಫಿಲಿಪ್ಸ್ ಕಂಪನಿಯ ಚಿಪ್ ಕಾರ್ಖಾನೆಯಲ್ಲಿ ಸಿಡಿಲಿನಿಂದ ಚಿಕ್ಕ ಬೆಂಕಿ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಆರಿಹೋಯಿತು. ಹೊಗೆ ಮತ್ತು ನೀರಿನಿಂದ ಧೂಳಿಲ್ಲದ ಕೋಣೆಗಳು ಕೆಟ್ಟು ಉತ್ಪಾದನೆ ನಿಂತಿತು. ಆ ಚಿಪ್‌ಗಳನ್ನು ನಂಬಿದ್ದ ಎರಡು ಮೊಬೈಲ್ ಫೋನ್ ಕಂಪನಿಗಳಲ್ಲಿ ನೋಕಿಯಾ ಕೂಡಲೇ ಬೇರೆ ಮೂಲಗಳನ್ನು ಹಿಡಿಯಿತು; ಎರಿಕ್ಸನ್ ಕಾದು ನೋಡಿತು, ಬದಲಿ ಮೂಲವೂ ಅದರ ಬಳಿ ಇರಲಿಲ್ಲ, ಕೊನೆಗೆ ಸುಮಾರು 40 ಕೋಟಿ ಡಾಲರ್ ನಷ್ಟ ಅನುಭವಿಸಿತು. ಬೆಂಕಿ ಬಿದ್ದದ್ದು ಎರಡೂ ಕಂಪನಿಗಳ ಆವರಣದಲ್ಲಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದದ್ದು. ಯಾವ ಸರಕಿಗೆ ನಿಮಗೆ ಒಬ್ಬರೇ ಪೂರೈಕೆದಾರರಿದ್ದಾರೋ ಅದಕ್ಕೆ ಎರಡನೆಯವರನ್ನು ಹುಡುಕಿ, ವರ್ಷಕ್ಕೆ ಒಂದೆರಡು ಸಣ್ಣ ಖರೀದಿಯನ್ನಾದರೂ ಅವರಿಂದ ಮಾಡಿ. ಪರಿಚಯವಿಲ್ಲದ ಗಿರಾಕಿಗೆ ಕೊರತೆಯ ಕಾಲದಲ್ಲಿ ಯಾರೂ ಸರಕು ಕೊಡುವುದಿಲ್ಲ.

ಬದಲಿ ಜಾಗಕ್ಕೆ ಒಂದು ಸರಳ ದಾರಿಯೆಂದರೆ ಬೇರೆ ಬಡಾವಣೆಯಲ್ಲಿರುವ, ನಿಮಗೆ ಪೈಪೋಟಿಯಲ್ಲದ ಇನ್ನೊಂದು ಉದ್ದಿಮೆಯೊಂದಿಗೆ ಪರಸ್ಪರ ಒಪ್ಪಂದ. ಅದು ಬಾಯಿಮಾತಿನಲ್ಲಿದ್ದರೆ ಸಾಲದು, ಎಷ್ಟು ಜನ, ಎಷ್ಟು ದಿನ, ಯಾವ ಹೊತ್ತು ಎಂದು ಒಂದು ಪುಟದಲ್ಲಿ ಬರೆದಿರಬೇಕು.

ಏಳನೆಯ ಹಂತ: ಬರೆಯುವುದು, ಅಭ್ಯಾಸ ಮಾಡುವುದು

ಯೋಜನೆ ಆರೇಳು ಪುಟ ಮೀರಬಾರದು. ಸಿಬ್ಬಂದಿ, ಅವರ ಮನೆಯವರು, ಪೂರೈಕೆದಾರರು, ಮುಖ್ಯ ಗ್ರಾಹಕರು, ವಿಮಾ ಕಂಪನಿ, ಬ್ಯಾಂಕ್, ಕಟ್ಟಡದ ಮಾಲೀಕರು, ಎಲೆಕ್ಟ್ರಿಷಿಯನ್, ಪ್ಲಂಬರ್, ಕಂಪ್ಯೂಟರ್ ನೋಡಿಕೊಳ್ಳುವವರು ಇವರೆಲ್ಲರ ದೂರವಾಣಿ ಸಂಖ್ಯೆ, ಪಾಲಿಸಿ ಸಂಖ್ಯೆಗಳು, ಮೇನ್ ಸ್ವಿಚ್, ಅನಿಲ ಮತ್ತು ನೀರಿನ ವಾಲ್ವ್ ಗುರುತಿಸಿದ ನಕ್ಷೆ, ಮೊದಲ ಹಂತದ ಆದ್ಯತೆಯ ಪಟ್ಟಿ ಇದ್ದರೆ ಸಾಕು. ಕಾಗದದ ಪ್ರತಿ ಕನಿಷ್ಠ ಮೂರು ಕಡೆ ಇರಲಿ. ಫೋನಿನಲ್ಲಷ್ಟೇ ಇರುವ ಯೋಜನೆ ಬ್ಯಾಟರಿ ಮುಗಿಯುವ ತನಕ ಮಾತ್ರ ಯೋಜನೆ.

ಅಭ್ಯಾಸಕ್ಕೆ ದೊಡ್ಡ ಏರ್ಪಾಡು ಬೇಡ. ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ, ‘ಇಂದು ಬೆಳಿಗ್ಗೆ ಗೋದಾಮಿನಲ್ಲಿ ಮೊಣಕಾಲುದ್ದ ನೀರು ನಿಂತಿದೆ, ಮಾಲೀಕರ ಫೋನು ಸಿಗುತ್ತಿಲ್ಲ’ ಎಂದು ಹೇಳಿ ಸುಮ್ಮನಿರಿ. ಯಾರು ಯಾರಿಗೆ ಕರೆ ಮಾಡುತ್ತಾರೆ, ಯಾವ ಸಂಖ್ಯೆ ಹಳತಾಗಿದೆ, ಯಾವ ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ತಿಳಿಯದು ಎಂಬುದೆಲ್ಲ ಅರ್ಧ ಗಂಟೆಯಲ್ಲಿ ಹೊರಬರುತ್ತದೆ. ನೀವು ಬಾಯಿ ಹಾಕಬೇಡಿ, ಬರೆದುಕೊಳ್ಳಿ.

ಆಪತ್ತು ಬಂದ ಮೇಲೆ

ಮೊದಲ ಗಂಟೆಗಳಲ್ಲಿ ಜನರ ಎಣಿಕೆ, ವೈದ್ಯಕೀಯ ನೆರವು, ಆಮೇಲೆ ಕುಟುಂಬಗಳಿಗೆ ಸುದ್ದಿ. ಅಧಿಕಾರಿಗಳು ಅಥವಾ ಎಂಜಿನಿಯರ್ ಒಪ್ಪುವ ತನಕ ಕಟ್ಟಡದೊಳಗೆ ಹೋಗಬಾರದು. ನೀರು ನುಗ್ಗಿದ ಕಡೆ ನಿಂತ ನೀರಿನಲ್ಲಿ ನಿಂತು ಸ್ವಿಚ್ ಮುಟ್ಟಬಾರದು, ನೆನೆದ ಯಂತ್ರವನ್ನು ‘ನೋಡೋಣ’ ಎಂದು ಚಾಲೂ ಮಾಡಲೂಬಾರದು. ಒಣಗಿಸಿ ಪರೀಕ್ಷಿಸಿದ್ದರೆ ಉಳಿಯುತ್ತಿದ್ದ ಯಂತ್ರಗಳು ಹೀಗೆ ಸುಟ್ಟುಹೋಗುತ್ತವೆ. ಸೈಬರ್ ದಾಳಿಯಾದರೆ ಕಂಪ್ಯೂಟರ್‌ಗಳನ್ನು ಜಾಲದಿಂದ ಬಿಡಿಸಿ, ಯಾವುದನ್ನೂ ಅಳಿಸದೆ ತಜ್ಞರನ್ನು ಕರೆಯಿರಿ. ಬ್ಯಾಕಪ್ ಡಿಸ್ಕನ್ನು ಸೋಂಕಿತ ಯಂತ್ರಕ್ಕೆ ಸಿಕ್ಕಿಸಬೇಡಿ.

ಏನನ್ನಾದರೂ ಎತ್ತಿ ಎಸೆಯುವ ಮೊದಲು ಫೋಟೋ ತೆಗೆಯಿರಿ, ವಿಮಾ ಕಂಪನಿಗೆ ತಿಳಿಸಿ, ಹಾನಿ ಅಳೆಯಲು ಅವರು ಕಳುಹಿಸುವ ಸರ್ವೇಯರ್ ನೋಡುವ ತನಕ ಹಾಳಾದ ಸರಕನ್ನು ಬೇರೆ ಇರಿಸಿ. ಹಾಗೆಂದು ಕೈಕಟ್ಟಿ ಕೂರುವಂತಿಲ್ಲ: ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ವಿಮೆ ಮಾಡಿಸಿದವರ ಕರ್ತವ್ಯವೆಂದು ಪಾಲಿಸಿಗಳು ಸಾಮಾನ್ಯವಾಗಿ ಹೇಳುತ್ತವೆ. ನೆನೆದ ಗೋಡೆ, ಬಟ್ಟೆ, ರಟ್ಟಿನಲ್ಲಿ 24ರಿಂದ 48 ಗಂಟೆಗಳೊಳಗೆ ಬೂಸ್ಟು ಬೆಳೆಯಲು ಆರಂಭವಾಗುವುದರಿಂದ ಗಾಳಿಯಾಡಿಸುವ, ನೀರು ಹೊರಹಾಕುವ ಕೆಲಸವನ್ನು ತಡಮಾಡಬಾರದು. ಅದಕ್ಕಾದ ಖರ್ಚಿನ ರಸೀದಿಗಳನ್ನು ಇಟ್ಟುಕೊಳ್ಳಿ. ಒದ್ದೆಯಾದ ಕಾಗದಪತ್ರಗಳನ್ನು ಎರಡು ದಿನದೊಳಗೆ ಒಣಗಿಸಲು ಸಾಧ್ಯವಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ಫ್ರೀಜರಿನಲ್ಲಿಡುವುದು ದಾಖಲೆ ಸಂರಕ್ಷಕರ ಪದ್ಧತಿ. ಹೆಪ್ಪುಗಟ್ಟಿದ ಕಾಗದ ಕೊಳೆಯುವುದಿಲ್ಲ, ಪುರುಸೊತ್ತಾದಾಗ ಸ್ವಲ್ಪ ಸ್ವಲ್ಪವಾಗಿ ಹೊರತೆಗೆದು ಒಣಗಿಸಬಹುದು.

ಗ್ರಾಹಕರಿಗೆ ಮೊದಲ ದಿನವೇ ಒಂದು ಸಂದೇಶ ಹೋಗಬೇಕು. ಅದರಲ್ಲಿ ಏನಾಯಿತು, ಯಾವ ಕೆಲಸ ನಿಂತಿದೆ, ಯಾವುದು ನಡೆಯುತ್ತಿದೆ, ಮುಂದಿನ ಸುದ್ದಿ ಯಾವಾಗ ಕೊಡುವಿರಿ ಎಂಬಷ್ಟೇ ಇರಲಿ. ‘ನಾಳೆಯೇ ತೆರೆಯುತ್ತೇವೆ’ ಎಂಬ ಭರವಸೆ ತಪ್ಪಿದರೆ ಮುಂದಿನ ಮಾತನ್ನೂ ಯಾರೂ ನಂಬುವುದಿಲ್ಲ. ಪೂರೈಕೆದಾರರು, ಬ್ಯಾಂಕ್, ತೆರಿಗೆ ಇಲಾಖೆ ಇವರಿಗೆ ಗಡುವು ಮೀರಿದ ನಂತರ ಕ್ಷಮೆ ಕೇಳುವುದಕ್ಕಿಂತ ಮೀರುವ ಮೊದಲೇ ಪತ್ರ ಬರೆದು ಅವಧಿ ಕೇಳಬೇಕು.

ಮತ್ತೆ ತೆರೆಯುವಾಗ ಮೊದಲ ಹಂತದ ಪಟ್ಟಿಯ ಕ್ರಮವನ್ನೇ ಹಿಡಿಯಿರಿ; ಎಲ್ಲವೂ ಸರಿಯಾಗುವ ತನಕ ಕಾಯದೆ, ಹೆಚ್ಚು ಬೇಡಿಕೆಯ ಕೆಲವು ಸರಕು ಅಥವಾ ಸೇವೆಗಳಿಂದ ಆರಂಭಿಸಿದರೆ ಹಣದ ಹರಿವು ಬೇಗ ಮರಳುತ್ತದೆ. ಆ ದಿನದಿಂದ ಒಂದು ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಯಾರೊಂದಿಗೆ ಏನು ಮಾತಾಯಿತು, ಯಾವುದಕ್ಕೆ ಎಷ್ಟು ಖರ್ಚಾಯಿತು, ಎಷ್ಟು ವ್ಯಾಪಾರ ತಪ್ಪಿತು ಎಂದು ಬರೆಯುತ್ತಾ ಬನ್ನಿ. ಆದಾಯ ನಷ್ಟದ ಕ್ಲೇಮ್‌ಗೆ ಹಿಂದಿನ ವರ್ಷಗಳ ಲೆಕ್ಕಪತ್ರಗಳ ಜೊತೆಗೆ ಈ ನೋಟ್‌ಬುಕ್ ಕೂಡ ನೆರವಾಗುತ್ತದೆ. ಕ್ಲೇಮ್ ಪೂರ್ತಿ ಇತ್ಯರ್ಥವಾಗುವ ತನಕ, ಅದು ವರ್ಷ ಮೀರಿದರೂ ಸರಿ, ಅದನ್ನೂ ಫೋಟೋಗಳನ್ನೂ ರಸೀದಿಗಳನ್ನೂ ಒಂದೇ ಕಡತದಲ್ಲಿಟ್ಟು, ಅದಕ್ಕೂ ಒಂದು ನಕಲನ್ನು ಬೇರೆ ಕಡೆ ಇಡಿ.